ಹೆಸರಿಲ್ಲದ ಕೌಬಾಯ್ ಸ್ಪರ್ಸ್: ಮಾಡಿದ ಕೈ ಯಾರದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇವೆ. ಫೋರ್ಟ್ ವರ್ತ್ ಕಡೆ ಒಂದು ಹಳೆಯ ಮನೆಯ ಸಾಮಾನು ಮಾರುತ್ತಿದ್ದಾಗ, ಕುದುರೆ ಸವಾರರು ಬೂಟಿನ ಹಿಮ್ಮಡಿಗೆ ಕಟ್ಟುವ ಸ್ಪರ್ಸ್ ಒಂದು ಜೊತೆ ಕೊಂಡೆ. ಹಿಂದಕ್ಕೆ ಚಾಚಿದ ದಂಡ ಹೆಂಗಸಿನ ಕಾಲಿನ ಆಕಾರದಲ್ಲಿದೆ. ಎಲ್ಲೂ ಹೆಸರು ಕಾಣುತ್ತಿಲ್ಲ. ಮಾರಿದವರು "ಇದು ಮೆಕ್‌ಚೆಸ್ನಿ ಕೆಲಸ, 1870ರ ದಶಕದ್ದು, ಮೇಲಿನದು ಬೆಳ್ಳಿ" ಎಂದರು. ಎರಡರ ಹಲ್ಲಿನ ಚಕ್ರಗಳೂ ಒಂದೇ ಥರ ಇಲ್ಲ. ನಂಬಬಹುದೇ? ಪೀತಾಂಬರಿ ಹಾಕಿ ತೊಳೆಯಲೇ? ಇನ್ನೂ ನಾಲ್ಕು ಜೊತೆ ಕೂಡಿಸುವ ಆಸೆಯಿದೆ, ಎಲ್ಲಿಂದ ಶುರು ಮಾಡಲಿ?

ಉತ್ತರ: ತೊಳೆಯುವ ವಿಷಯ ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನವಾಗಿ ನೋಡಿದರೂ ನಡೆಯುತ್ತದೆ. ದಯವಿಟ್ಟು ತೊಳೆಯಬೇಡಿ. ಪೀತಾಂಬರಿ, ಹುಣಸೆಹಣ್ಣು, ನಿಂಬೆರಸ, ತಂತಿ ಬ್ರಷ್ಷು ಯಾವುದೂ ಬೇಡ. ಉಕ್ಕಿನ ಮೇಲೆ ವರ್ಷಾನುಗಟ್ಟಲೆ ಕೂತ ಕಡುಗಂದು ಬಣ್ಣವೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಹೇಳುವ ಸಾಕ್ಷಿ. ಹುಳಿ ತಾಗಿದರೆ ಅದು ಹೋಗುತ್ತದೆ, ಜೊತೆಗೆ ಎಲ್ಲಾದರೂ ಮಾಸಿದ ಅಕ್ಷರ ಉಳಿದಿದ್ದರೆ ಅದೂ ಅಳಿಸಿಹೋಗುತ್ತದೆ. ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿ, ಸಂದಿಯಲ್ಲಿರುವ ಮಣ್ಣನ್ನು ಹಲ್ಲುಜ್ಜುವ ಮೆತ್ತನೆ ಬ್ರಷ್ಷಿನಿಂದ ಬಿಡಿಸಿ. ಹೊಸ ಕೆಂಪು ತುಕ್ಕು ಕಂಡಲ್ಲಿ ಮಾತ್ರ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಹಚ್ಚಿ ಒರೆಸಿ. ಚರ್ಮದ ಪಟ್ಟಿಗಳಿದ್ದರೆ ಬಿಚ್ಚಿ ಬೇರೆ ಇಡಿ. ಚರ್ಮ ತಾಗಿಕೊಂಡಿದ್ದಲ್ಲಿ ಹಿತ್ತಾಳೆ, ತಾಮ್ರಕ್ಕೆಲ್ಲ ಹಸಿರು ಕಿಲುಬು ಹಿಡಿಯುತ್ತದೆ. ಬಿಚ್ಚಿದ ಪಟ್ಟಿಯನ್ನು ಎಸೆಯಬೇಡಿ, ಯಾವುದು ಯಾವ ಕಾಲಿನದು ಎಂದು ಚೀಟಿ ಕಟ್ಟಿಡಿ.

ಇನ್ನು ಮಾರಿದವರ ಮಾತು. 1870ರ ದಶಕ ಮತ್ತು ಮೆಕ್‌ಚೆಸ್ನಿ, ಎರಡೂ ಒಟ್ಟಿಗೆ ನಿಜವಾಗುವುದು ಸಾಧ್ಯವಿಲ್ಲ. ಜಾನ್ ರಾಬರ್ಟ್ ಮೆಕ್‌ಚೆಸ್ನಿ ಆಗ ಇನ್ನೂ ಹುಡುಗ. ಅವನು ನಿಮ್ಮಲ್ಲಿಂದ ಉತ್ತರಕ್ಕೆ, ಓಕ್ಲಹೋಮ ಗಡಿಯ ಹತ್ತಿರದ ಗೇನ್ಸ್‌ವಿಲ್ ಊರಿನಲ್ಲಿ ಕಮ್ಮಾರಸಾಲೆ ಹಾಕಿದ್ದು ಸುಮಾರು 1890ರಲ್ಲಿ. ಸುಮಾರು 1910ರಲ್ಲಿ ಗಡಿ ದಾಟಿ ಓಕ್ಲಹೋಮದ ಪಾಲ್ಸ್ ವ್ಯಾಲಿಗೆ ಹೋದ. 1928ರಲ್ಲಿ ತೀರಿಕೊಂಡ. ಆಮೇಲೆ ಅವನ ಸಾಲೆಯ ಸಾಮಾನನ್ನು ನೊಕೋನಾ ಬೂಟ್ ಕಂಪನಿ ಕೊಂಡಿತು. ಹಾಗಾಗಿ ನಿಮ್ಮ ಜೊತೆ ಅವನದೇ ಆಗಿದ್ದರೂ 1890ರ ಆಸುಪಾಸಿನಿಂದ 1928ರ ನಡುವಿನದು.

ಇಷ್ಟು ಹಳೆಯ ಇಸವಿ ಹೇಳುವ ಚಾಳಿ ಈ ವ್ಯಾಪಾರದಲ್ಲಿ ತುಂಬ ಇದೆ. ಅದಕ್ಕೊಂದು ಕಾರಣವೂ ಇದೆ. ಕೌಬಾಯ್ ಎಂದಾಕ್ಷಣ ಎಲ್ಲರ ಮನಸ್ಸಿಗೆ ಬರುವುದು ಅಮೆರಿಕದ ಅಂತರ್ಯುದ್ಧ ಮುಗಿದ ನಂತರದ ಇಪ್ಪತ್ತು ವರ್ಷ, ಟೆಕ್ಸಾಸ್‌ನಿಂದ ಕಾನ್ಸಾಸ್‌ನ ರೈಲು ನಿಲ್ದಾಣಗಳವರೆಗೆ ದನದ ಮಂದೆ ಹೊಡೆದುಕೊಂಡು ಹೋದ ಕಾಲ. ಆದರೆ ಆ ಹುಡುಗರ ಕಾಲಲ್ಲಿದ್ದದ್ದು ಹೆಚ್ಚಾಗಿ ಮೆಕ್ಸಿಕೊದ ಸ್ಪರ್ಸ್, ಇಲ್ಲವೇ ಪೂರ್ವ ರಾಜ್ಯಗಳ ಕಾರ್ಖಾನೆಯಿಂದ ಬಂದ ಅಗ್ಗದ ಮಾಲು, ಇಲ್ಲವೇ ಸೈನ್ಯದಿಂದ ಉಳಿದ ಹಿತ್ತಾಳೆಯವು. ಇಂದು ಸಂಗ್ರಹಕಾರರು ಹುಡುಕುವ ಟೆಕ್ಸಾಸ್ ಕಮ್ಮಾರರ ಒಳ್ಳೆಯ ಕೆಲಸವೆಲ್ಲ ಹೆಚ್ಚುಕಡಿಮೆ 1890ರಿಂದ ಎರಡನೇ ಮಹಾಯುದ್ಧದವರೆಗಿನದು. ಆ ಹೊತ್ತಿಗೆ ಮಂದೆ ಹೊಡೆಯುವ ಕಾಲ ಮುಗಿದು, ಬೇಲಿ ಹಾಕಿದ ದೊಡ್ಡ ರ‍್ಯಾಂಚುಗಳು ಬಂದಿದ್ದವು, ಸಂಬಳದ ಕೌಬಾಯ್‌ಗೆ ತನ್ನ ಹೆಸರಿನ ಅಕ್ಷರ ಹಾಕಿಸಿ ಒಂದು ಜೊತೆ ಮಾಡಿಸಿಕೊಳ್ಳುವ ಅನುಕೂಲ ಬಂದಿತ್ತು. ಇದರಿಂದ ನಿಮ್ಮ ವಸ್ತುವಿನ ಬೆಲೆ ಕಡಿಮೆಯಾಗುವುದಿಲ್ಲ. ನನ್ನ ಕಣ್ಣಿಗೆ ಆ ಐವತ್ತು ವರ್ಷಗಳ ಕೆಲಸವೇ ಈ ಕಸುಬಿನ ಉತ್ತುಂಗ.

ಮಾಡಿದವನ ಹೆಸರು ಹುಡುಕುವುದು ಕೊನೆಯ ಕೆಲಸವಾಗಲಿ. ಹೊಸದಾಗಿ ಶುರು ಮಾಡುವವರು ಭೂತಗನ್ನಡಿ ಹಿಡಿದು ಮೊದಲು ಹೆಸರಿನ ಅಚ್ಚು ಹುಡುಕುತ್ತಾರೆ, ಅದು ಸಿಕ್ಕರೆ ಮಿಕ್ಕದ್ದನ್ನು ನೋಡುವುದೇ ಇಲ್ಲ. ಹೆಸರು ಹೊಡೆಯುವುದು ಒಂದು ನಿಮಿಷದ ಕೆಲಸ, ಯಾರು ಬೇಕಾದರೂ ಹೊಡೆಯಬಹುದು. ಕಟ್ಟಿದ ರೀತಿಯನ್ನು ಹಾಗೆ ನಕಲು ಮಾಡುವುದು ಕಷ್ಟ. ಆದ್ದರಿಂದ ಮೊದಲು ಕಟ್ಟನ್ನು ಓದಿ.

ಹಿಮ್ಮಡಿಯನ್ನು ತಬ್ಬುವ ಕಮಾನು ಹೀಲ್ ಬ್ಯಾಂಡ್. ಅದರಿಂದ ಹಿಂದಕ್ಕೆ ಚಾಚಿದ ದಂಡ ಶ್ಯಾಂಕ್. ಶ್ಯಾಂಕಿನ ತುದಿಯ ಸೀಳಿನಲ್ಲಿ ಒಂದು ಮೊಳೆಯ ಮೇಲೆ ತಿರುಗುವ ಹಲ್ಲಿನ ಚಕ್ರ ರೋವೆಲ್. ಬ್ಯಾಂಡಿನ ತುದಿಗಳಲ್ಲಿ ಚರ್ಮದ ಪಟ್ಟಿ ಸಿಕ್ಕಿಸುವ ಗುಂಡಿಗಳಿರುತ್ತವೆ. ಕೆಲವದರಲ್ಲಿ ಬೂಟಿನ ಅಡಿಯಿಂದ ಹಾದುಹೋಗುವ ಸರಪಳಿ, ರೋವೆಲ್ ಪಕ್ಕದಲ್ಲಿ ಝಣಝಣ ಎನ್ನಲೆಂದೇ ತೂಗಬಿಟ್ಟ ಎರಡು ಚಿಕ್ಕ ಲೋಲಕಗಳೂ ಇರುತ್ತವೆ. ಶ್ಯಾಂಕಿನ ಬೆನ್ನ ಮೇಲೆ ಒಂದು ಸಣ್ಣ ಕೊಂಬು ಎದ್ದಿದ್ದರೆ ಅದು ಅಲಂಕಾರವಲ್ಲ, ಸವಾರ ಪ್ಯಾಂಟಿನ ಮೇಲೆ ತೊಡುವ ಚರ್ಮದ ಉಡುಪು ರೋವೆಲ್‌ಗೆ ಸಿಕ್ಕಿಕೊಳ್ಳದಂತೆ ತಡೆಯುವುದಕ್ಕೆ.

ನಿಮ್ಮದನ್ನು ಕೈಗೆತ್ತಿಕೊಂಡು ಬ್ಯಾಂಡ್ ಮತ್ತು ಶ್ಯಾಂಕ್ ಸೇರುವ ಜಾಗ ನೋಡಿ. ಟೆಕ್ಸಾಸ್ ಕಮ್ಮಾರರು ಸಾಮಾನ್ಯವಾಗಿ ಒಂದೇ ಉಕ್ಕಿನ ತುಂಡನ್ನು ಕಾಯಿಸಿ ಬಡಿದು ಎರಡನ್ನೂ ಎಳೆದು ತೆಗೆಯುತ್ತಿದ್ದರು, ಬೆಸುಗೆಯ ಗೆರೆ ಇರುವುದಿಲ್ಲ. ತೂಕ ಜಾಸ್ತಿ, ಗಟ್ಟಿ, ರೋವೆಲ್ ಚಿಕ್ಕದು, ಅಲಂಕಾರ ಹೊರಮೈಗೆ ಮಾತ್ರ. ಒಳಮೈ ಯಾರಿಗೂ ಕಾಣುವುದಿಲ್ಲವಲ್ಲ, ಸುಮ್ಮನೆ ಯಾಕೆ ದುಡಿಯಬೇಕು ಎನ್ನುವ ಲೆಕ್ಕ. ಕೆಲವರು ಫೋರ್ಡ್ ಕಾರಿನ ಹಳೆಯ ಆಕ್ಸಲ್ ಉಕ್ಕನ್ನೂ ಬಳಸಿದ್ದುಂಟು. ಕ್ಯಾಲಿಫೋರ್ನಿಯಾ, ನೆವಾಡ ಕಡೆಯ ಕೆಲಸ ಬೇರೆಯೇ. ಸ್ಪೇನಿನಿಂದ ಮೆಕ್ಸಿಕೊಗೆ, ಅಲ್ಲಿಂದ ವಕೇರೋಗಳ, ಅಂದರೆ ಮೆಕ್ಸಿಕೊದ ದನಗಾಹಿ ಸವಾರರ ಜೊತೆ ಮೇಲೆ ಬಂದ ಪರಂಪರೆ ಅದು. ಬ್ಯಾಂಡ್ ಮತ್ತು ಶ್ಯಾಂಕ್ ಹೆಚ್ಚಾಗಿ ಎರಡು ತುಂಡು, ಕೆಳಗೆ ಬಾಗಿದ ಶ್ಯಾಂಕ್, ಅಗಲವಾದ ರೋವೆಲ್, ಅಡಿಯಲ್ಲಿ ಸರಪಳಿ, ಎರಡೂ ಮೈಗೆ ಬೆಳ್ಳಿ ಮತ್ತು ಬಳ್ಳಿಯ ಕೆತ್ತನೆ.

ಬೆಳ್ಳಿ ಕೂರಿಸುವ ರೀತಿಯಲ್ಲೂ ಎರಡು ಮನೆತನವಿದೆ. ಬೀದರಿನ ಬಿದರಿ ಕೆಲಸದಲ್ಲಿ ಲೋಹವನ್ನು ಕೊರೆದು, ಕೊರೆದ ಹಳ್ಳದೊಳಗೆ ಬೆಳ್ಳಿಯನ್ನು ಬಡಿದು ಕೂರಿಸಿ, ಮೇಲ್ಮೈ ಸಮವಾಗುವಂತೆ ಉಜ್ಜುತ್ತಾರಲ್ಲ, ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ಒಳ್ಳೆಯ ಕೆಲಸ ಅದೇ ಜಾತಿಯದು. ಬೆರಳಾಡಿಸಿದರೆ ಅಂಚು ತಾಗುವುದಿಲ್ಲ. ಪ್ಯೂಬ್ಲ ಪ್ರಾಂತ್ಯದ ಅಮೊಸೊಕ್ ಊರು ಇಂದಿಗೂ ಇದಕ್ಕೇ ಹೆಸರುವಾಸಿ. ಟೆಕ್ಸಾಸ್‌ನವರು ಹಾಗೆ ಕೊರೆಯದೆ, ಹೃದಯ, ಇಸ್ಪೀಟಿನ ಗುರುತು, ನಕ್ಷತ್ರ ಮುಂತಾದ ಆಕಾರಗಳನ್ನು ತಗಡಿನಲ್ಲಿ ಕತ್ತರಿಸಿ ಉಕ್ಕಿನ ಮೇಲೆ ಬೆಸೆಯುತ್ತಿದ್ದರು. ಉಗುರು ಎಳೆದರೆ ಅಂಚಿನಲ್ಲಿ ತಡೆಯುತ್ತದೆ. ನಿಮ್ಮದರಲ್ಲಿ ತಡೆಯುತ್ತದೆಯೇ ನೋಡಿ, ತಡೆಯುತ್ತದೆ ಎಂದೇ ನನ್ನ ಊಹೆ.

ಆ ತಗಡು ಬೆಳ್ಳಿಯೇ ಆಗಬೇಕೆಂದೇನಿಲ್ಲ. ಪೂಜೆ ತಟ್ಟೆ, ಕುಂಕುಮ ಭರಣಿಗಳಿಂದ ನಿಮಗೆ ಗೊತ್ತಿರುವ ಜರ್ಮನ್ ಸಿಲ್ವರ್ ಇಲ್ಲೂ ಧಾರಾಳವಾಗಿ ಬಳಕೆಯಲ್ಲಿತ್ತು. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿಯ ಅಂಶವೇ ಇಲ್ಲ. ಬೆಳ್ಳಿ ಮಾಸಿದರೆ ನೀಲಿಗಪ್ಪು, ಜರ್ಮನ್ ಸಿಲ್ವರ್ ಮಾಸಿದರೆ ಹಳದಿ ಛಾಯೆಯ ಬೂದು. ಅಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ, ಅದರಿಂದ ಇವೆರಡನ್ನು ಬೇರ್ಪಡಿಸಲಾಗದು. ಆಸಿಡ್ ಹನಿ ಹಾಕಿ ಪರೀಕ್ಷೆ ಮಾಡಿಸಬೇಡಿ, ಕಲೆ ಉಳಿಯುತ್ತದೆ. ಅನುಭವವಿರುವ ಒಬ್ಬ ಅಕ್ಕಸಾಲಿಗರ ಕಣ್ಣಿಗೆ ತೋರಿಸಿದರೆ ಸಾಕು. ಜರ್ಮನ್ ಸಿಲ್ವರ್ ಎಂದು ಗೊತ್ತಾದರೆ ಬೇಸರ ಬೇಡ, ದೊಡ್ಡ ಹೆಸರಿನ ಕಮ್ಮಾರರೇ ಅದನ್ನು ಬಳಸಿದ್ದಾರೆ.

ಈಗ ಆ ಕಾಲಿನ ಆಕಾರ. ಇದನ್ನು ಅಲ್ಲಿ ಗ್ಯಾಲ್-ಲೆಗ್, ಅಂದರೆ ಹುಡುಗಿಯ ಕಾಲು ಎನ್ನುತ್ತಾರೆ. ಬ್ಯಾಂಡಿನ ಹತ್ತಿರ ತೊಡೆ, ನಡುವೆ ಮಂಡಿ, ಆಮೇಲೆ ಮೀನಖಂಡ ಸಣ್ಣಗಾಗುತ್ತ ಪಾದ. ಕಾಲುಚೀಲಕ್ಕೆ ಒಂದು ಲೋಹ, ಅದನ್ನು ಕಟ್ಟುವ ಪಟ್ಟಿಗೆ ಇನ್ನೊಂದು, ಬೂಟಿಗೆ ಮತ್ತೊಂದು. ತಾಮ್ರದ ಕೆಂಪು, ಹಿತ್ತಾಳೆಯ ಹಳದಿ, ಬಿಳಿ ಲೋಹ ಮೂರೂ ಒಂದು ಬೆರಳುದ್ದದ ಶ್ಯಾಂಕಿನ ಮೇಲೆ ಸೇರಿಕೊಂಡಿರುತ್ತವೆ. ಮೆಕ್‌ಚೆಸ್ನಿಯ ಹೆಸರನ್ನು ಈ ವಿನ್ಯಾಸಕ್ಕೆ ಜೋಡಿಸುವುದು ವಾಡಿಕೆ, ಅವನ ಸಾಲೆಯ ಕೆಲಸದಲ್ಲಿ ಇದು ನಿಜಕ್ಕೂ ಸೊಗಸಾಗಿ ಬಂದಿದೆ. ಅವನು ಬಹುಪಾಲು ಸ್ಪರ್ಸ್‌ಗೆ ಹೆಸರು ಹೊಡೆಯಲಿಲ್ಲ ಎನ್ನುವುದೂ ಸರಿ. ತೊಂದರೆ ಬರುವುದು ಇಲ್ಲೇ. ಹೆಸರಿಲ್ಲದ ಗ್ಯಾಲ್-ಲೆಗ್ ಎಲ್ಲವೂ ಮೆಕ್‌ಚೆಸ್ನಿ ಆಗಿಬಿಡುತ್ತದೆ. ಆದರೆ ಕೆಲ್ಲಿ, ಕ್ರಾಕೆಟ್ ಎಂಬ ಬೇರೆ ತಯಾರಕರೂ ಮಾಡಿದ್ದಾರೆ, ಕಾರ್ಖಾನೆಯವರೂ ಮಾಡಿದ್ದಾರೆ, ಇಂದಿಗೂ ಮಾಡುವವರಿದ್ದಾರೆ.

ಎರಡು ಸ್ಪರ್ಸನ್ನೂ ಪಕ್ಕಪಕ್ಕ ಇಟ್ಟು ಕಿಟಕಿಯ ಬೆಳಕಿನಲ್ಲಿ ನೋಡಿ. ಕೈಯಿಂದ ಬಡಿದು ಅರದಿಂದ ಉಜ್ಜಿದ ಎರಡು ಕಾಲು ಅಕ್ಕತಂಗಿಯರ ಹಾಗಿರುತ್ತವೆ, ತದ್ರೂಪ ಆಗಿರುವುದಿಲ್ಲ. ಒಂದರ ಮಂಡಿ ಕೂದಲೆಳೆಯಷ್ಟು ಮೇಲೆ, ಇನ್ನೊಂದರ ಪಟ್ಟಿ ಚೂರು ಓರೆ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಸಣ್ಣ ಗುಳಿ, ಅದೇ ಗೀರು ಕಂಡರೆ ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಒಳಮೈಯಲ್ಲಿ ಮರಳಿನಂಥ ತರಿ, ಅಂಚಿನುದ್ದಕ್ಕೂ ಅಚ್ಚಿನ ಎರಡು ಅರ್ಧ ಸೇರಿದ ಗೆರೆ ಕಂಡರೂ ಅದೇ ಅರ್ಥ. ಎರಕ ಎಂದಮಾತ್ರಕ್ಕೆ ನಕಲಿ ಅಲ್ಲ, ಹಳೆಯ ಕಾರ್ಖಾನೆ ಮಾಲಿನಲ್ಲೂ ಎರಕ ಉಂಟು. ಮೆಕ್‌ಚೆಸ್ನಿ ಅಲ್ಲ ಎಂದಷ್ಟೇ ತಿಳಿಯಿತು. ಈ ಪರೀಕ್ಷೆ ದಾಟಿದರೆ ಮುಂದಿನ ಹೆಜ್ಜೆ ಹೋಲಿಕೆ. ಮೀನಖಂಡದ ಉಬ್ಬು, ಬೂಟಿನ ಹಿಮ್ಮಡಿಯ ಎತ್ತರ, ಗುಂಡಿಯ ಕಟ್ಟು, ಬ್ಯಾಂಡಿನ ಅಂಚನ್ನು ಇಳಿಸಿದ ರೀತಿ, ಇವನ್ನು ದೃಢಪಟ್ಟ ಜೊತೆಗಳ ಪಕ್ಕದಲ್ಲಿಟ್ಟು ನೋಡಬೇಕು. ಫೋಟೊ ಸಾಲದು, ಸಾಧ್ಯವಾದರೆ ವಸ್ತುವನ್ನೇ ನೋಡಿ. ಓಕ್ಲಹೋಮ ಸಿಟಿಯ ನ್ಯಾಷನಲ್ ಕೌಬಾಯ್ ಅಂಡ್ ವೆಸ್ಟರ್ನ್ ಹೆರಿಟೇಜ್ ಮ್ಯೂಸಿಯಂ ನಿಮ್ಮಿಂದ ಒಂದು ದಿನದಲ್ಲಿ ಹೋಗಿಬರುವ ದೂರ, ದಾರಿಯಲ್ಲಿ ಗೇನ್ಸ್‌ವಿಲ್ಲೂ ಪಾಲ್ಸ್ ವ್ಯಾಲಿಯೂ ಸಿಗುತ್ತವೆ. ಕಡಿವಾಣ, ಸ್ಪರ್ಸ್, ಜೀನು ಸಂಗ್ರಹಿಸುವವರ ರಾಷ್ಟ್ರೀಯ ಸಂಘವೂ ಇದೆ. ಅವರ ಕೂಟಗಳಲ್ಲಿ ನೂರಾರು ಜೊತೆಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಗುತ್ತದೆ, ಅದಕ್ಕಿಂತ ದೊಡ್ಡ ಪಾಠ ಬೇರಿಲ್ಲ.

ಹೆಸರು "ಕಾಣುತ್ತಿಲ್ಲ" ಎಂದಿದ್ದೀರಿ, ಇನ್ನೊಮ್ಮೆ ಹುಡುಕಿ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ಲೋಹಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಿಡಿ. ಮಾಸಿದ ಅಕ್ಷರದ ನೆರಳು ಆಗ ಏಳುತ್ತದೆ. ಬ್ಯಾಂಡಿನ ಒಳಮೈ, ಗುಂಡಿಯ ಹಿಂಬದಿ, ಶ್ಯಾಂಕಿನ ಅಡಿ, ಈ ಮೂರು ಜಾಗ ಮುಖ್ಯ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಕೆಲವೊಮ್ಮೆ ಗುರುತು ಮೂಡುತ್ತದೆ.

ಅಚ್ಚಾಗಿ ಹೊಡೆದ ನಕ್ಷತ್ರ ಕಂಡರೆ ನ್ಯೂಜೆರ್ಸಿಯ ನ್ಯೂಅರ್ಕ್‌ನ ಆಗಸ್ಟ್ ಬೂರ್ಮನ್ ಕಾರ್ಖಾನೆ. "ಹರ್ಕ್ಯುಲಿಸ್ ಬ್ರಾಂಜ್", "ಸ್ಟಾರ್ ಸ್ಟೀಲ್ ಸಿಲ್ವರ್" ಎಂಬ ಅಚ್ಚುಗಳೂ ಅದರವೇ. ಸಣ್ಣ ಲಂಗರು ಕಂಡರೆ ಕನೆಟಿಕಟ್‌ನ ನ್ಯೂ ಬ್ರಿಟನ್ ಊರಿನ ನಾರ್ತ್ ಅಂಡ್ ಜಡ್. ಲಂಗರು ಎಷ್ಟು ಚಿಕ್ಕದೆಂದರೆ ತುಕ್ಕಿನ ಚುಕ್ಕೆ ಎಂದುಕೊಂಡು ದಾಟಿಹೋಗುವವರೇ ಹೆಚ್ಚು. 1926ರಲ್ಲಿ ನಾರ್ತ್ ಅಂಡ್ ಜಡ್ ಬೂರ್ಮನ್ ಕಾರ್ಖಾನೆಯನ್ನು ಕೊಂಡಿತು, ಬೂರ್ಮನ್ ಗುರುತುಗಳನ್ನೂ ಮುಂದುವರಿಸಿತು. ಹಾಗಾಗಿ ನಕ್ಷತ್ರ ಇದ್ದಮಾತ್ರಕ್ಕೆ 1926ಕ್ಕಿಂತ ಹಳೆಯದೆಂದು ಹೇಳಲಾಗದು. ಈ ಎರಡು ಕಂಪನಿಗಳ ಮಾಲು ಹೊಸಬರಿಗೆ ತುಂಬ ಒಳ್ಳೆಯ ಆರಂಭ. ಹಳೆಯ ಕ್ಯಾಟಲಾಗುಗಳ ಮರುಮುದ್ರಣ ಸಿಗುತ್ತದೆ, ಚಿತ್ರಕ್ಕೆ ಹೋಲಿಸಿ ಖಚಿತ ಮಾಡಿಕೊಳ್ಳಬಹುದು, ಬೆಲೆಯೂ ಹೆದರಿಸುವುದಿಲ್ಲ.

ಟೆಕ್ಸಾಸ್ ಕಮ್ಮಾರರಲ್ಲಿ ಅಚ್ಚಿನಿಂದ ಕಾಲ ಹೇಳಲು ಅನುಕೂಲವಾಗಿರುವವನು ಪಿ. ಎಂ. ಕೆಲ್ಲಿ. ಡಾಲ್ಹಾರ್ಟ್‌ನಲ್ಲಿ ಪಾರ್ಕರ್ ಎಂಬ ಪಾಲುದಾರನಿದ್ದಾಗ ಅಚ್ಚಿನಲ್ಲಿ ಪಾರ್ಕರ್‌ನ ಹೆಸರಿನ ಅಕ್ಷರವೂ ಸೇರಿತ್ತು. 1925ರ ಸುಮಾರಿಗೆ ಎಲ್ ಪಾಸೊಗೆ ಹೋದ ಮೇಲೆ "ಕೆಲ್ಲಿ ಬ್ರದರ್ಸ್" ಎಂಬುದೇ ಹೆಚ್ಚು. 1960ರ ದಶಕದಲ್ಲಿ ಡೆನ್ವರ್‌ನ ರೆನಾಲ್ಡೆ ಆ ವ್ಯಾಪಾರವನ್ನು ಕೊಂಡ. ಆಸ್ಕರ್ ಕ್ರಾಕೆಟ್ ಕಥೆಯೂ ಅಲ್ಲಿಗೇ ಸೇರುತ್ತದೆ. ಅವನ ಸಾಲೆ ಇದ್ದದ್ದು ಕಾನ್ಸಾಸ್ ಸಿಟಿ, ಲೆನೆಕ್ಸಾ, ಆಮೇಲೆ 1943ರಿಂದ ಕೊಲರಾಡೊದ ಬೌಲ್ಡರ್ ಊರಿನಲ್ಲಿ. ಅವನು 1949ರಲ್ಲಿ ತೀರಿಕೊಂಡ ಬಳಿಕ ಅದೇ ರೆನಾಲ್ಡೆ ವ್ಯಾಪಾರ ಕೊಂಡಿದ್ದರಿಂದ, "ಕ್ರಾಕೆಟ್ ರೆನಾಲ್ಡೆ" ಎಂದಿದ್ದರೆ ಅದು 1950ರ ನಂತರದ್ದು. ಟುಲಿಯಾ ಊರಿನ ಜೆ. ಒ. ಬಾಸ್ ತನ್ನ ಹೆಸರನ್ನೂ ಊರನ್ನೂ ಹೊಡೆಯುತ್ತಿದ್ದ. ಅವನದು ಒಂದೇ ತುಂಡಿನ ನಿಜವಾದ ಕಮ್ಮಾರಿಕೆ, ನೋಡುವುದಕ್ಕೆ ಸರಳ, ಹಿಡಿದರೆ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಟೆಕ್ಸಾಸ್ ಕೆಲಸ ಏನೆಂದು ಅರ್ಥವಾಗಲು ಬಾಸ್ ಮಾಡಿದ ಒಂದು ಜೊತೆ ಹಿಡಿದು ನೋಡಿದರೆ ಸಾಕು.

ನೆವಾಡದ ಎಲ್ಕೊ ಊರಿನ ಜಿ. ಎಸ್. ಗಾರ್ಸಿಯಾ ಅಚ್ಚು ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸುವಂಥದ್ದು. ಅವನ ಜೀನು 1904ರ ಸೇಂಟ್ ಲೂಯಿ ವಿಶ್ವಮೇಳದಲ್ಲಿ ಚಿನ್ನದ ಪದಕ ಗೆದ್ದಿತ್ತು. ಆದರೆ ಗಾರ್ಸಿಯಾ ಅಂಗಡಿಯಲ್ಲಿ ಹಲವು ನುರಿತ ಕೈಗಳು ದುಡಿಯುತ್ತಿದ್ದವು. ಅಚ್ಚು ಅಂಗಡಿಯದು, ಕೆತ್ತಿದ ಕೈ ಬೇರೆಯವರದಿರಬಹುದು. ವಿಸೇಲಿಯಾ ಸ್ಟಾಕ್ ಸ್ಯಾಡಲ್ ಕಂಪನಿಯ ಹೆಸರಿದ್ದಾಗಲೂ ಹೀಗೆಯೇ. ಇನ್ನು ಬ್ಯಾಂಡಿನ ಮೇಲೆ ದೊಡ್ಡದಾಗಿ ಅಂಟಿಸಿದ ಎರಡು ಅಕ್ಷರಗಳು ಸಾಮಾನ್ಯವಾಗಿ ಮಾಡಿಸಿಕೊಂಡವನ ಹೆಸರು ಅಥವಾ ಅವನ ರ‍್ಯಾಂಚಿನ ಮುದ್ರೆ, ಮಾಡಿದವನದಲ್ಲ. ಒಳಗೆ ಬರೀ ಸಂಖ್ಯೆ ಇದ್ದರೆ ಅದು ಕಾರ್ಖಾನೆಯ ವಿನ್ಯಾಸ ಸಂಖ್ಯೆಯಾಗಿರಬಹುದು, ಇಲ್ಲವೇ ಕೊಲರಾಡೊದ ಕ್ಯಾನ್ಯನ್ ಸಿಟಿ ಜೈಲಿನ ಕೈದಿಯೊಬ್ಬನ ಸಂಖ್ಯೆಯಾಗಿರಬಹುದು. ಅಲ್ಲಿನ ಕೈದಿಗಳು ಮಾಡಿದ ಸ್ಪರ್ಸ್ ಸಂಗ್ರಹಕಾರರಿಗೆ ಬಲು ಪ್ರಿಯ. ಅವುಗಳಲ್ಲಿರುವ ತಾಳ್ಮೆ ನೋಡಿದರೆ ಮನಸ್ಸು ಭಾರವಾಗುತ್ತದೆ.

ಮುಂದೆ ಕೊಳ್ಳುವಾಗ ಹೆಸರಿನ ಮೋಸವೇ ದೊಡ್ಡ ಅಪಾಯ. ಹೆಸರಿಲ್ಲದ ಹಳೆಯ ಒಳ್ಳೆಯ ಜೊತೆಗೆ ಹೊಸದಾಗಿ ಅಚ್ಚು ಹೊಡೆದು ಬೆಲೆ ಏರಿಸುತ್ತಾರೆ. ಅಕ್ಷರದ ತಳದ ಬಣ್ಣ ನೋಡಿ. ಸುತ್ತಲಿನ ಉಕ್ಕು ಕಡುಗಂದಾಗಿದ್ದು ಅಕ್ಷರದ ಹಳ್ಳ ಮಾತ್ರ ತೆಳು ಬಣ್ಣದಲ್ಲಿದ್ದರೆ, ಅಂಚು ಚೂಪಾಗಿದ್ದರೆ, ತುಕ್ಕಿನ ಗುಳಿಗಳ ಮೇಲೆಯೇ ಅಕ್ಷರ ಹಾದುಹೋಗಿದ್ದರೆ, ಅಚ್ಚು ಬಿದ್ದದ್ದು ತುಕ್ಕು ಹಿಡಿದ ಮೇಲೆ. ಬೇಕೆಂದೇ ಹಿಡಿಸಿದ ತುಕ್ಕು ಎಲ್ಲೆಡೆ ಒಂದೇ ಕಿತ್ತಳೆಗೆಂಪು. ನಿಜವಾದ ಬಳಕೆಗೆ ಒಂದು ತರ್ಕವಿರುತ್ತದೆ. ಬೂಟು ಉಜ್ಜಿದಲ್ಲಿ ಬ್ಯಾಂಡಿನ ಒಳಮೈ ನುಣುಪಾಗಿರುತ್ತದೆ, ರೋವೆಲ್ ತಿರುಗಿ ತಿರುಗಿ ಮೊಳೆಯ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ, ಸರಪಳಿಯ ಕೊಂಡಿಗಳು ಒಂದಕ್ಕೊಂದು ತಾಗುವಲ್ಲಿ ಸವೆದು ತೆಳುವಾಗಿರುತ್ತವೆ. ಮೈಯೆಲ್ಲ ಹಳೆಯದಾಗಿ ಕಂಡು ರೋವೆಲ್ ತೂತು ಮಾತ್ರ ಗುಂಡಗೆ ಬಿಗಿಯಾಗಿದ್ದರೆ ಮಾರುವವರನ್ನು ಇನ್ನೊಂದು ಪ್ರಶ್ನೆ ಕೇಳಿ.

ಕೊನೆಗೆ ನಿಮ್ಮ ಹೊಂದಿಕೆಯಾಗದ ರೋವೆಲ್‌ಗಳು. ದುಡಿಮೆಯ ಸ್ಪರ್ಸ್‌ನಲ್ಲಿ ಇದು ಸಾಮಾನ್ಯ. ರೋವೆಲ್ ಸವೆದರೆ, ಮೊಳೆ ಬಿದ್ದರೆ, ಹತ್ತಿರದ ಕಮ್ಮಾರ ಕೈಗೆ ಸಿಕ್ಕಿದ್ದನ್ನು ಹಾಕಿಕೊಡುತ್ತಿದ್ದ. ಆದರೆ ಎರಡು ಬೇರೆ ಜೊತೆಗಳಿಂದ ಒಂದೊಂದು ತೆಗೆದು ಜೋಡಿ ಮಾಡಿ ಮಾರುವುದೂ ಉಂಟು, ಆಗ ಬೆಲೆ ಬಹಳ ಇಳಿಯುತ್ತದೆ. ಗುರುತಿಸುವುದು ಸುಲಭ. ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಇಟ್ಟಾಗ ಅಲಂಕಾರ ಎರಡರಲ್ಲೂ ಹೊರಗೆ ಬರಬೇಕು. ಎರಡೂ ಒಂದೇ ಕಾಲಿನವಾದರೆ ಅದು ಜೊತೆಯಲ್ಲ. ಬ್ಯಾಂಡಿನ ಅಗಲ, ದಪ್ಪ, ಬಾಯಿಯ ಅಂತರವನ್ನು ಅಳೆದು ನೋಡಿ. ಇಷ್ಟು ಹೊಂದಿದರೆ ರೋವೆಲ್ ಬೇರೆಯಿರುವುದು ದುರಸ್ತಿಯ ಗುರುತು ಎಂದು ಧೈರ್ಯವಾಗಿ ತಿಳಿಯಿರಿ. ಯಾರಾದರೂ ಹೊಂದುವ ರೋವೆಲ್ ಹಾಕಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಮೊಳೆ ಕತ್ತರಿಸದೆ ರೋವೆಲ್ ತೆಗೆಯಲಾಗದು, ಒಮ್ಮೆ ಕತ್ತರಿಸಿದ ಹಳೆಯ ಮೊಳೆ ಮತ್ತೆ ಬರುವುದಿಲ್ಲ.